ಮಾತಾಡೋಕೆ ದುಡ್ಡು ಕೊಡಬೇಕಾ?

ಅಪ್ಪ ಹೋದ ಮೇಲೆ ಆರೇಳು ತಿಂಗಳು ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಗೆಳೆಯನ ಒತ್ತಾಯಕ್ಕೆ ಕೌನ್ಸೆಲಿಂಗಿಗೆ ಹೊರಟೆ. ಅಪ್ಪನ ತಂಗಿ, ನನ್ನತ್ತೆ, ಬಾಗಿಲಲ್ಲೇ ಕೇಳಿದರು: "ಅಲ್ವೋ, ಮಾತಾಡೋಕೆ ದುಡ್ಡು ಕೊಡಬೇಕಾ? ನಾವಿಲ್ವಾ ಮನೇಲಿ?"

ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಈ 'ಮಾತಿನ ಚಿಕಿತ್ಸೆ' ಶುರುವಾದದ್ದು ಹೇಗೆ ಅಂತ ಹುಡುಕಿ ಓದುವಾಗ ಸಿಕ್ಕವಳು ವಿಯೆನ್ನಾದ ಬರ್ತಾ ಪಾಪೆನ್‌ಹೈಮ್.

ಹುಟ್ಟಿದ್ದು 1859ರಲ್ಲಿ, ಅನುಕೂಲಸ್ಥ ಯಹೂದಿ ಮನೆಯಲ್ಲಿ. ತುಂಬಾ ಚುರುಕು ಹುಡುಗಿ, ಆದರೆ ಓದು ಹದಿನಾರಕ್ಕೇ ಮುಗಿದಿತ್ತು. 1880ರ ಬೇಸಿಗೆಯಲ್ಲಿ ಅವಳಪ್ಪ ಹಾಸಿಗೆ ಹಿಡಿದರು. ರಾತ್ರಿಯೆಲ್ಲ ಎದ್ದು ಕೂತು ನೋಡಿಕೊಂಡವಳು ಇವಳೇ. ಕೆಲವೇ ತಿಂಗಳಲ್ಲಿ ತಾನೂ ಮಲಗಿದಳು. ಬಿಡದ ಕೆಮ್ಮು, ಬಲಗೈ ಸ್ವಾಧೀನವಿಲ್ಲ, ಮನೆಮಾತು ಜರ್ಮನ್ನೇ ಹೊರಡದೆ ಬರೀ ಇಂಗ್ಲಿಷು! 1881ರ ಏಪ್ರಿಲ್‌ನಲ್ಲಿ ಅಪ್ಪ ತೀರಿಕೊಂಡರು.

ನೋಡಲು ಬರುತ್ತಿದ್ದ ಡಾಕ್ಟರು ಯೋಸೆಫ್ ಬ್ರಾಯರ್. ಸಂಜೆ ಹೊತ್ತು ಅವಳು ಹೇಳಿದ್ದನ್ನೆಲ್ಲ ಕೂತು ಕೇಳುತ್ತಿದ್ದರು. ಹೇಳಿ ಮುಗಿದಾಗ ಅವಳು ಹಗುರಾಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಲೋಟದ ನೀರು ಬಾಯಿಗಿಡಲಾಗದೆ ಆರು ವಾರ ಹಣ್ಣು ತಿಂದೇ ಇದ್ದಳಂತೆ. ಮನೆಯಲ್ಲಿದ್ದ ಇಂಗ್ಲಿಷ್ ಹೆಂಗಸಿನ ನಾಯಿ ಲೋಟದಿಂದಲೇ ನೀರು ಕುಡಿದದ್ದನ್ನು ನೋಡಿಯೂ ಸಭ್ಯತೆಗೆ ಸುಮ್ಮನಿದ್ದದ್ದು ಒಂದು ಸಂಜೆ ಬಾಯಿಗೆ ಬಂತು. ಸಿಟ್ಟೆಲ್ಲ ಹೊರಹಾಕಿದಳು, ನೀರು ಕೇಳಿ ಕುಡಿದಳು. ಹೀಗೆಂದು ಬರೆದವರು ಬ್ರಾಯರ್.

'ಟಾಕಿಂಗ್ ಕ್ಯೂರ್' ಅನ್ನೋ ಹೆಸರು ಇಟ್ಟದ್ದು ಡಾಕ್ಟರಲ್ಲ, ಬರ್ತಾ! ತಮಾಷೆಗೆ 'ಚಿಮಣಿ ಗುಡಿಸೋದು' ಅಂತಲೂ ಕರೆದಳು. (ನಮ್ಮ ಚಿಮಣಿ ಬುಡ್ಡಿಯಲ್ಲ, ಅಲ್ಲಿನ ಮನೆಗಳ ಹೊಗೆಕೊಳವೆ. ಮಸಿ ಮಾತ್ರ ಎರಡರಲ್ಲೂ ಒಂದೇ.)

1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ತಂದ ಪುಸ್ತಕದಲ್ಲಿ ಅವಳು 'ಅನ್ನಾ ಓ'. ಅದನ್ನು ಓದಿದರೆ ಪೂರ್ತಿ ಗುಣವಾದಳು ಅನಿಸುತ್ತದೆ. ನಿಜ ಹಾಗಿರಲಿಲ್ಲ. 1972ರಲ್ಲಿ ಇತಿಹಾಸಕಾರ ಎಲೆನ್‌ಬರ್ಗರ್ ಹಳೆಯ ದಾಖಲೆ ಬಯಲಿಗಿಟ್ಟರು: ಚಿಕಿತ್ಸೆ ಮುಗಿದ 1882ರಲ್ಲೇ ಅವಳು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್ನಿನ ಆಸ್ಪತ್ರೆಯಲ್ಲಿದ್ದಳು, ಮಾರ್ಫಿನ್ ಬಿಡಲಾಗದೆ ಒದ್ದಾಡುತ್ತಿದ್ದಳು.

ಆದರೆ ಕಥೆ ಅಲ್ಲಿಗೂ ಮುಗಿಯಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಅನಾಥಾಲಯ ನಡೆಸಿದಳು, 1904ರಲ್ಲಿ ಯಹೂದಿ ಮಹಿಳೆಯರ ಸಂಘ ಕಟ್ಟಿದಳು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ 1936ರಲ್ಲಿ ಸಾಯುವವರೆಗೂ ದುಡಿದಳು. 1954ರಲ್ಲಿ ಪಶ್ಚಿಮ ಜರ್ಮನಿ ಅವಳ ಅಂಚೆಚೀಟಿ ತಂದಿತು.

ಹಾಗಾದರೆ ಮಾತು ಮದ್ದೋ ಅಲ್ಲವೋ? ಮಂತ್ರವಂತೂ ಅಲ್ಲ. ಅವತ್ತಿನ ಎಷ್ಟೋ ಸಿದ್ಧಾಂತಗಳು ಬಿದ್ದುಹೋಗಿವೆ, ವಿಧಾನಗಳು ಬದಲಾಗಿವೆ. ಉಳಿದದ್ದು, ಮನೆಯವರಲ್ಲದ ಒಬ್ಬರು ತಪ್ಪು ಹುಡುಕದೆ ಕೂತು ಕೇಳುವುದು.

ಅತ್ತೆಗೆ ಕೊಡಬೇಕಿದ್ದ ಉತ್ತರ ಅದರಲ್ಲೇ ಇದೆ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ರಾತ್ರಿ ಕಾದ ಮೇಲೆ ಅಪ್ಪ ಹೋದ ದಿನ ನನಗೆ ದುಃಖದ ಜೊತೆ 'ಅಬ್ಬಾ, ಮುಗೀತು' ಅಂತಲೂ ಅನಿಸಿತ್ತು. ಅದನ್ನು ಅಪ್ಪನ ತಂಗಿಯ ಹತ್ತಿರ ಹೇಗೆ ಹೇಳಲಿ? ಗುರುತಿಲ್ಲದ ಆ ಕೌನ್ಸೆಲರ್ ಮುಂದೆ ಮೂರನೇ ಸಲ ಹೋದಾಗ ಹೇಳಿದೆ. ಅವರು "ಹ್ಞೂಂ" ಅಂದರು, ಅಷ್ಟೇ. ಆ ರಾತ್ರಿ ನಿದ್ದೆ ಬಂತು.

ನಿಮಗೂ ಹೀಗೆ ಮನೆಯಲ್ಲಿ ಹೇಳಲಾಗದ್ದೇನಾದರೂ ಇದ್ದರೆ, 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಇದೆ. ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಇಲ್ಲ. ಅತ್ತೆಗೂ ಸಮಾಧಾನ!