ಕಾಡುಮೃಗಕ್ಕೆ ಒಡೆಯ ಯಾರು?

1860ರ ಆಗಸ್ಟ್ 24. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಪಟ್ಟಣದ ಹತ್ತಿರ ಬೇನ್ಸ್‌ವ್ಲೇ ಎಂಬ ಜಮೀನಿಗೆ ವಿಕ್ಟೋರಿಯಾ ರಾಣಿಯ ಎರಡನೆಯ ಮಗ ಆಲ್ಫ್ರೆಡ್ ಬೇಟೆಗೆಂದು ಬಂದಿದ್ದ. ವಯಸ್ಸು ಹದಿನಾರು. ಅವನಿಗಾಗಿ ಬರೋಲಾಂಗ್ ಜನಾಂಗದ ಸುಮಾರು ಸಾವಿರ ಮಂದಿ ಸುತ್ತಲಿನ ಬಯಲನ್ನೆಲ್ಲ ಬಳಸಿ, ಜೀಬ್ರಾ, ವಿಲ್ಡಬೀಸ್ಟ್, ಬ್ಲೆಸ್‌ಬಾಕ್, ಸ್ಪ್ರಿಂಗ್‌ಬಾಕ್ ಹಿಂಡುಗಳನ್ನು ಸೋಹಿ ಒಂದೆಡೆಗೆ ತಂದಿದ್ದರು. 20ರಿಂದ 30 ಸಾವಿರ ಪ್ರಾಣಿಗಳು ಸೇರಿದ್ದವೆಂದು ಆ ಕಾಲದವರ ಅಂದಾಜು. ಕುದುರೆ ಏರಿದ ರಾಜಕುಮಾರ ಮತ್ತು ಅವನ ಸಂಗಡಿಗರು ಕಂಡಕಂಡದ್ದಕ್ಕೆ ಗುಂಡು ಹಾರಿಸಿದರು. ಸಂಜೆಯ ಹೊತ್ತಿಗೆ ಸಾವಿರಾರು ಪ್ರಾಣಿಗಳು ಉರುಳಿದ್ದವು.

ಯಾರೂ ತಡೆಯುವಂತಿರಲಿಲ್ಲ. ಅಲ್ಲಿ ಜಾರಿಯಲ್ಲಿದ್ದ ರೋಮನ್-ಡಚ್ ಕಾನೂನಿನ ಪ್ರಕಾರ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ಹೊಡೆದು ಹಿಡಿದವನದ್ದು. ಯಾರದ್ದೂ ಅಲ್ಲದ್ದನ್ನು ಉಳಿಸಿಕೊಳ್ಳುವ ಚಿಂತೆ ಯಾರಿಗೂ ಇರಲಿಲ್ಲ. ಆಫ್ರಿಕಾದ ದಕ್ಷಿಣ ಭಾಗದ ವನ್ಯಜೀವಿಗಳ ಕಳೆದ ಇನ್ನೂರು ವರ್ಷಗಳ ಕಥೆಯಲ್ಲಿ ಬಂದೂಕಿಗಿಂತ ಹೆಚ್ಚಿನ ಪಾತ್ರ ಈ ಒಡೆತನದ ಪ್ರಶ್ನೆಗಿದೆ. ಉತ್ತರ ಬದಲಾದಾಗಲೆಲ್ಲ ಪ್ರಾಣಿಗಳ ಹಣೆಬರಹವೂ, ಅವುಗಳ ಪಕ್ಕದಲ್ಲಿ ಬದುಕುವ ಜನರ ಹಣೆಬರಹವೂ ಬದಲಾಗಿದೆ.

ಹತ್ತೊಂಬತ್ತನೆಯ ಶತಮಾನದ ಬೇಟೆಗಾರರಲ್ಲಿ ಹಲವರು ಭಾರತದಿಂದ ಹೋದವರೇ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಯ ಎಂಜಿನಿಯರ್ ವಿಲಿಯಂ ಕಾರ್ನ್‌ವಾಲಿಸ್ ಹ್ಯಾರಿಸ್ ಕಾಯಿಲೆಯ ರಜೆಯ ಮೇಲೆ ಕೇಪ್‌ಗೆ ಹೋಗಿ 1836-37ರಲ್ಲಿ ಒಳನಾಡಿನಲ್ಲಿ ಬೇಟೆಯಾಡಿದ. ಸೇಬಲ್ ಎಂಬ ಕಪ್ಪು ಮೈಯ, ಹಿಂದಕ್ಕೆ ಬಾಗಿದ ಕೋಡಿನ ಹುಲ್ಲೆಯನ್ನು ಯುರೋಪಿಗೆ ಪರಿಚಯಿಸಿದವನು ಅವನು. ಅವನ ಪ್ರವಾಸದ ಪುಸ್ತಕ ಮೊದಲು ಅಚ್ಚಾದದ್ದೂ ಮುಂಬಯಿಯಲ್ಲಿ, 1838ರಲ್ಲಿ. ಮದ್ರಾಸಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ವಿಲಿಯಂ ಕಾಟನ್ ಆಸ್ವೆಲ್ 1849ರಲ್ಲಿ ಅನ್ವೇಷಕ ಲಿವಿಂಗ್‌ಸ್ಟನ್ ಜೊತೆ ಎನ್‌ಗಾಮಿ ಸರೋವರವನ್ನು ಮುಟ್ಟಿದ. ಇವರು ಮೋಜಿಗೆ ಕೊಂದರೆ, ವ್ಯಾಪಾರಿ ಬೇಟೆಗಾರರು ದಂತಕ್ಕೂ ಚರ್ಮಕ್ಕೂ ಕೊಂದರು. ಬಂಡಿಗಟ್ಟಲೆ ಚರ್ಮ ಬಂದರುಗಳಿಗೆ ಹೋಯಿತು. ಬ್ಲೂಬಾಕ್ ಹುಲ್ಲೆ 1800ರ ಸುಮಾರಿಗೇ ಅಳಿದಿತ್ತು. ಮುಂಗಡೆ ಮಾತ್ರ ಪಟ್ಟೆಗಳಿದ್ದ ಕ್ವಾಗಾ ಜೀಬ್ರಾದ ಕೊನೆಯ ಜೀವ 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು.

ಅಳಿಯದೆ ಉಳಿದ ಕೆಲವು ಪ್ರಾಣಿಗಳು ಉಳಿದದ್ದು ರೈತರ ಜಮೀನಿನಲ್ಲಿ. ಕೇಪ್‌ನ ಬ್ರೆಡಾಸ್‌ಡಾರ್ಪ್ ಸುತ್ತ ಕೆಲವು ಕುಟುಂಬಗಳು 1830ರ ದಶಕದಲ್ಲೇ ತಮ್ಮ ಭೂಮಿಯ ಬಾಂಟೆಬಾಕ್ ಹುಲ್ಲೆ‌ಗಳನ್ನು ಯಾರೂ ಹೊಡೆಯದಂತೆ ಕಾದವು. 1931ರಲ್ಲಿ ಅವುಗಳಿಗೆಂದೇ ರಾಷ್ಟ್ರೀಯ ಉದ್ಯಾನ ಮಾಡಿದಾಗ ಅಲ್ಲಿಗೆ ಸೇರಿಸಲು ಸಿಕ್ಕದ್ದು 17 ಪ್ರಾಣಿ. ಕಪ್ಪು ವಿಲ್ಡಬೀಸ್ಟ್ ಕೂಡ ಫ್ರೀ ಸ್ಟೇಟ್ ಪ್ರಾಂತ್ಯದ ಖಾಸಗಿ ಹುಲ್ಲುಗಾವಲುಗಳಲ್ಲಿ ಜೀವ ಹಿಡಿದುಕೊಂಡಿತು.

1896ರ ಹೊತ್ತಿಗೆ ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಉತ್ತರದಿಂದ ಇಳಿದು ಬಂದು, ದನಗಳ ಜೊತೆಗೆ ಕಾಡೆಮ್ಮೆ, ಕುಡು, ಎಲಾಂಡ್‌ಗಳನ್ನೂ ಗುಡಿಸಿಹಾಕಿತು. ಆ ಹೊತ್ತಿಗೆ ಸರ್ಕಾರಗಳು ಎಚ್ಚೆತ್ತಿದ್ದವು. 1895ರಲ್ಲಿ ಜುಲುಲ್ಯಾಂಡಿನಲ್ಲಿ ಉಮ್‌ಫೋಲೋಜಿ ಮತ್ತು ಹ್ಲುಹ್ಲುವೆ, 1898ರಲ್ಲಿ ಟ್ರಾನ್ಸ್‌ವಾಲ್‌ನಲ್ಲಿ ಸಾಬಿ ಮೀಸಲು ಕಾಡುಗಳಾದವು. ಸಾಬಿಗೆ 1902ರಲ್ಲಿ ವಾರ್ಡನ್ ಆಗಿ ಬಂದ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ 1946ರವರೆಗೂ ಅಲ್ಲಿದ್ದ. ಅವನ ಕಾಡೇ 1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿನ ಊರುಗಳನ್ನು ಎಬ್ಬಿಸಿದ್ದಕ್ಕೆ ಸ್ಥಳೀಯರು ಅವನಿಗೆ ಇಟ್ಟ ಹೆಸರು ಸ್ಕುಕುಜಾ, ಗುಡಿಸಿಹಾಕುವವನು. ಇಂದು ಉದ್ಯಾನದ ಮುಖ್ಯ ಶಿಬಿರಕ್ಕೆ ಅದೇ ಹೆಸರು. 1969ರಲ್ಲಿ ಉದ್ಯಾನದ ಉತ್ತರ ತುದಿಯ ಮಕುಲೇಕೆ ಜನರನ್ನೂ ಒಕ್ಕಲೆಬ್ಬಿಸಲಾಯಿತು. ಪ್ರಾಣಿ ಸರ್ಕಾರದ ಹಿಡಿತಕ್ಕೆ ಬಂತು. ತಲೆಮಾರುಗಳಿಂದ ಉರುಳು, ಬಿಲ್ಲು ಹಿಡಿದು ಹೊಟ್ಟೆ ಹೊರೆದವನು ಕಳ್ಳಬೇಟೆಗಾರನಾದ.

ಆ ಕಾಲದ ಸರ್ಕಾರಗಳೇ ಬೇರೆಡೆ ಪ್ರಾಣಿಗಳನ್ನು ಲಕ್ಷಗಟ್ಟಲೆ ಕೊಲ್ಲಿಸುತ್ತಿದ್ದವು. ದನಗಳಿಗೆ ನಗಾನ ರೋಗ ತರುವ ತ್ಸೆತ್ಸೆ ನೊಣ ಕಾಡುಪ್ರಾಣಿಗಳ ರಕ್ತ ಹೀರಿ ಬದುಕುತ್ತದೆಂದು, ದಕ್ಷಿಣ ರೊಡೇಶಿಯಾ (ಇಂದಿನ ಜಿಂಬಾಬ್ವೆ) ಸಂಬಳದ ಬೇಟೆಗಾರರನ್ನಿಟ್ಟು ದಶಕಗಳ ಕಾಲ ಇಡೀ ವಲಯಗಳನ್ನೇ ಬರಿದು ಮಾಡಿಸಿತು. ದನ ಮತ್ತು ಕಾಡುಪ್ರಾಣಿ ಒಂದೇ ನೆಲದಲ್ಲಿ ಬಾಳಲಾರವು ಎಂಬುದು ಆ ಕಾಲದ ನಂಬಿಕೆ.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1959ರಲ್ಲಿ. ಅಮೆರಿಕದ ಪರಿಸರವಿಜ್ಞಾನಿಗಳಾದ ರೇಮಂಡ್ ಡಾಸ್ಮನ್ ಮತ್ತು ಆರ್ಚಿ ಮಾಸ್‌ಮನ್ ಫುಲ್‌ಬ್ರೈಟ್ ವೇತನದ ಮೇಲೆ ರೊಡೇಶಿಯಾಕ್ಕೆ ಬಂದು, ಹೆಂಡರ್ಸನ್ ಸಹೋದರರ ಒಣಭೂಮಿಯ ರ‍್ಯಾಂಚ್‌ನಲ್ಲಿ ಲೆಕ್ಕಕ್ಕೆ ಕುಳಿತರು. ದನ ಹುಲ್ಲನ್ನೇ ಬುಡಮಟ್ಟ ಮೇಯುತ್ತದೆ. ಕಾಡುಪ್ರಾಣಿಗಳು ಹಾಗಲ್ಲ, ಜಿರಾಫೆಗೆ ಮರದ ತುದಿ, ಕುಡುವಿಗೆ ಪೊದೆಯ ಎಲೆ, ಜೀಬ್ರಾಕ್ಕೆ ಒರಟು ಹುಲ್ಲು, ಇಂಪಾಲಾಕ್ಕೆ ಹುಲ್ಲೂ ಎಲೆಯೂ. ಬರವನ್ನೂ ನೊಣದ ರೋಗವನ್ನೂ ಅವು ತಡೆದುಕೊಳ್ಳುತ್ತವೆ. ಅದೇ ಎಕರೆಯಲ್ಲಿ ಕಾಡುಪ್ರಾಣಿಯ ಮಾಂಸ ದನಕ್ಕಿಂತ ಹೆಚ್ಚು ಲಾಭ ಕೊಡಬಲ್ಲದು ಎಂದು ಅವರು ತೋರಿಸಿದರು. 1964ರಲ್ಲಿ ಡಾಸ್ಮನ್‌ರ ಪುಸ್ತಕವೂ ಬಂತು. ಆದರೆ ಮಾರುಕಟ್ಟೆಯಲ್ಲಿ ಮಾಂಸಕ್ಕೆ ಕಾಲುಬಾಯಿ ರೋಗದ ನಿಯಮಗಳು ಅಡ್ಡ ಬಂದವು. ಹಣ ತಂದದ್ದು ಮಾಂಸವಲ್ಲ, ಕೋಡು ಮತ್ತು ತಲೆಗಾಗಿ ವಿದೇಶದಿಂದ ಬಂದ ಬೇಟೆಗಾರ.

ಕಾನೂನು ಅದರ ಹಿಂದೆಯೇ ಬಂತು. 1967ರಲ್ಲಿ ನೈರುತ್ಯ ಆಫ್ರಿಕಾ, ಅಂದರೆ ಇಂದಿನ ನಮೀಬಿಯಾ, ಬೇಲಿ ಹಾಕಿದ ಜಮೀನಿನ ಬಿಳಿಯ ರೈತರಿಗೆ ಕೆಲವು ಜಾತಿಯ ಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು. 1975ರಲ್ಲಿ ರೊಡೇಶಿಯಾ ಭೂಮಾಲೀಕನನ್ನೇ ಅವನ ನೆಲದ ಪ್ರಾಣಿಗಳಿಗೆ ಅಧಿಕಾರಿಯನ್ನಾಗಿ ಮಾಡಿತು. 1991ರಲ್ಲಿ ದಕ್ಷಿಣ ಆಫ್ರಿಕಾದ ವನ್ಯಪ್ರಾಣಿ ಕಳವು ಕಾಯ್ದೆ, ಸಾಕಷ್ಟು ಭದ್ರವಾದ ಬೇಲಿಗೆ ಪ್ರಮಾಣಪತ್ರ ಪಡೆದ ಜಮೀನಿನಿಂದ ಪ್ರಾಣಿ ತಪ್ಪಿಸಿಕೊಂಡರೂ ಅದು ಮಾಲೀಕನದ್ದೇ ಎಂದಿತು. ದನ ಸಾಕುತ್ತಿದ್ದವರು ದನ ಮಾರಿ ಹರಾಜಿನಲ್ಲಿ ಕಾಡೆಮ್ಮೆ, ಸೇಬಲ್ ಕೊಂಡರು. 2016ರ ಅಧ್ಯಯನವೊಂದು ದಕ್ಷಿಣ ಆಫ್ರಿಕಾದಲ್ಲಿ ಸುಮಾರು 9 ಸಾವಿರ ವನ್ಯಪ್ರಾಣಿ ರ‍್ಯಾಂಚ್‌ಗಳನ್ನೂ, ಅವುಗಳಡಿ 1.7 ಕೋಟಿ ಹೆಕ್ಟೇರ್ ಭೂಮಿಯನ್ನೂ ಲೆಕ್ಕ ಹಾಕಿತು. ಅಷ್ಟು ನೆಲ ಆ ದೇಶದ ಎಲ್ಲ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿದರೂ ಆಗದು.

ಈ ವ್ಯವಹಾರದ ನಡುವಿನ ವ್ಯಕ್ತಿ ಪ್ರೊಫೆಷನಲ್ ಹಂಟರ್. ಹೊರದೇಶದ ಗಿರಾಕಿ ಒಬ್ಬನೇ ಬೇಟೆಗೆ ಇಳಿಯುವಂತಿಲ್ಲ. ಪರವಾನಗಿ ಪಡೆದ ಇವನು ಜೊತೆಗಿರಬೇಕು, ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಮುಗಿಸಬೇಕು. ಜಿಂಬಾಬ್ವೆಯ ಪರೀಕ್ಷೆ ಅತ್ಯಂತ ಕಠಿಣವೆಂದು ಹೆಸರಾಗಿದೆ: ಬರಹದ ಪರೀಕ್ಷೆ, ಗುರಿಯ ಪರೀಕ್ಷೆ, ಹಿರಿಯನ ಕೈಕೆಳಗೆ ವರ್ಷಗಟ್ಟಲೆ ಕೆಲಸ, ಕೊನೆಗೆ ಕಾಡಿನಲ್ಲೇ ದಿನಗಟ್ಟಲೆ ಪರೀಕ್ಷೆ. 1977ರಲ್ಲಿ ಕೀನ್ಯಾ ಬೇಟೆ ನಿಷೇಧಿಸಿದಾಗ ಅಲ್ಲಿನ ಎಷ್ಟೋ ಬೇಟೆಗಾರರು ದಕ್ಷಿಣಕ್ಕೆ ಇಳಿದರು. ಅವರ ಮುಂದೆ ನಡೆದು ನೆಲದ ಮೇಲಿನ ಹೆಜ್ಜೆ, ಮುರಿದ ಕಡ್ಡಿ, ಲದ್ದಿಯ ತೇವ ಓದುವವರು ಮಾತ್ರ ಶಂಗಾನ್, ಸ್ಯಾನ್ ಮುಂತಾದ ಸಮುದಾಯಗಳ ಹೆಜ್ಜೆಗಾರರು. ಬಹುಕಾಲ ಅವರಿಗೆ ಸಿಕ್ಕದ್ದು ಕೂಲಿ ಮತ್ತು ಬಕ್ಷೀಸು. ಪರವಾನಗಿ, ಲಾಭ, ಫೋಟೋದಲ್ಲಿ ಹೆಸರು ಮತ್ತೊಬ್ಬರದು.

ಖಾಸಗಿ ಒಡೆತನದಿಂದ ಆದ ಒಳ್ಳೆಯದಕ್ಕೆ ಬಿಳಿ ಘೇಂಡಾಮೃಗವೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ದಕ್ಷಿಣದ ತಳಿ ಉಮ್‌ಫೋಲೋಜಿಯಲ್ಲಿ ನೂರಕ್ಕೂ ಕಡಿಮೆ ಉಳಿದಿತ್ತು. 1960ರ ದಶಕದಲ್ಲಿ ಅಲ್ಲಿನ ವಾರ್ಡನ್ ಇಯಾನ್ ಪ್ಲೇಯರ್ ಮತ್ತು ಅವರ ಜುಲು ಗುರು, ಅರಣ್ಯ ರಕ್ಷಕ ಮಗ್‌ಕುಬು ಎನ್‌ತೊಂಬೇಲಾ ಇದ್ದ ತಂಡ, ಅರಿವಳಿಕೆಯ ಹೊಸ ಔಷಧಿ ಬಳಸಿ ಘೇಂಡಾಮೃಗಗಳನ್ನು ಹಿಡಿದು ಬೇರೆ ಕಾಡುಗಳಿಗೂ ಖಾಸಗಿ ಜಮೀನುಗಳಿಗೂ ಸಾಗಿಸಿತು. 1968ರಲ್ಲಿ ಮಿತವಾದ ಬೇಟೆಗೆ ಅನುಮತಿ ಸಿಕ್ಕಾಗ ಅವು ಸುಮಾರು 1,800 ಇದ್ದವು. ಬೇಟೆಯಿಂದ ಬೆಲೆ ಬಂತು, ಬೆಲೆಯಿಂದ ಸಾಕುವವರು ಹೆಚ್ಚಿದರು. 2010ರ ಹೊತ್ತಿಗೆ ಸಂಖ್ಯೆ 20 ಸಾವಿರದ ಹತ್ತಿರ ಬಂತು. ಅನಂತರ ಕೊಂಬಿನ ಕಳ್ಳ ಮಾರುಕಟ್ಟೆ ಎರಗಿತು. 2014ರ ಒಂದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ 1,215 ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು.

ಕರಿಯ ಹಳ್ಳಿಗರಿಗೆ ಪ್ರಾಣಿಗಳ ಮೇಲಿನ ಈ ಹಕ್ಕು ಬಂದದ್ದು ಬಹಳ ತಡವಾಗಿ. ಸ್ವತಂತ್ರ ಜಿಂಬಾಬ್ವೆ 1989ರಲ್ಲಿ ಕ್ಯಾಂಪ್‌ಫೈರ್ ಎಂಬ ಯೋಜನೆಯಡಿ ನ್ಯಾಮಿನ್ಯಾಮಿ ಮತ್ತು ಗುರುವೆ ಜಿಲ್ಲಾ ಮಂಡಳಿಗಳಿಗೆ 1975ರಲ್ಲಿ ಭೂಮಾಲೀಕರಿಗೆ ಸಿಕ್ಕಿದ್ದ ಅಧಿಕಾರವನ್ನೇ ಕೊಟ್ಟಿತು. ಆನೆ ಹೊಲ ತುಳಿದರೆ ಶಪಿಸುತ್ತಿದ್ದ ಊರಿಗೆ, ಅದೇ ಆನೆಯ ಬೇಟೆಯ ಶುಲ್ಕದಿಂದ ಶಾಲೆ, ದವಾಖಾನೆ, ಹಿಟ್ಟಿನ ಗಿರಣಿ ಬಂದವು. ಯೋಜನೆಯ ಮೊದಲ ದಶಕದ ಆದಾಯದಲ್ಲಿ ಸುಮಾರು ಶೇ. 90 ಬೇಟೆಯದೇ. ಆದರೆ ಹಕ್ಕು ನಿಂತದ್ದು ಜಿಲ್ಲಾ ಮಂಡಳಿಯಲ್ಲಿ, ಹಳ್ಳಿಯಲ್ಲಲ್ಲ. 2000ದ ನಂತರ ದೇಶದ ಆರ್ಥಿಕತೆ ಕುಸಿದಾಗ ಎಷ್ಟೋ ಕಡೆ ಹಣ ಮಂಡಳಿಯಲ್ಲೇ ಉಳಿಯಿತು.

ನಮೀಬಿಯಾ ಒಂದು ಹೆಜ್ಜೆ ಮುಂದೆ ಹೋಯಿತು. 1980ರ ದಶಕದ ಆರಂಭದಲ್ಲಿ ಕಾವೊಕೊವೆಲ್ಡ್‌ನಲ್ಲಿ ಭೀಕರ ಬರ, ಜೊತೆಗೆ ಕಳ್ಳಬೇಟೆ. ವನ್ಯಸಂರಕ್ಷಕ ಗಾರ್ತ್ ಓವೆನ್-ಸ್ಮಿತ್ ಊರ ಮುಖಂಡರ ಜೊತೆ ಕುಳಿತು, ಮುಖಂಡರೇ ಆರಿಸಿದ ಕಾವಲುಗಾರರನ್ನು ನೇಮಿಸುವ ದಾರಿ ಹುಡುಕಿದರು. ಆ ಕಾವಲುಗಾರರಲ್ಲಿ ಕೆಲವರು ಹಿಂದೆ ತಾವೇ ಬೇಟೆಯಾಡಿದವರು. ಓವೆನ್-ಸ್ಮಿತ್ ಮತ್ತು ಮಾರ್ಗರೆಟ್ ಜೇಕಬ್ಸನ್ ಇದನ್ನು ಬೆಳೆಸಿದರು. 1996ರಲ್ಲಿ ಕಾನೂನು ತಿದ್ದುಪಡಿಯಾಗಿ, ಗಡಿ ಗುರುತಿಸಿ ಸದಸ್ಯರ ಪಟ್ಟಿ ಮತ್ತು ಸಂವಿಧಾನ ಬರೆದುಕೊಂಡ ಸಮುದಾಯಕ್ಕೆ ಬಿಳಿಯ ರೈತನಿಗೆ 1967ರಲ್ಲೇ ಸಿಕ್ಕ ಹಕ್ಕು ಸಿಕ್ಕಿತು. 1998ರಲ್ಲಿ ನ್ಯೈ ನ್ಯೈ, ತೊರ‍್ರಾ ಮುಂತಾದ, ಕನ್ಸರ್ವೆನ್ಸಿ ಎಂದು ಕರೆಯುವ ಇಂಥ ಮೊದಲ ಸಮುದಾಯ ಸಂರಕ್ಷಣಾ ಪ್ರದೇಶಗಳು ನೋಂದಾದವು. ಇಂದು ಅವು 80ಕ್ಕೂ ಹೆಚ್ಚು. ದೇಶದ ನೆಲದ ಸುಮಾರು ಐದನೇ ಒಂದು ಪಾಲು ಅವುಗಳದು. ಬೇಲಿಯಿಲ್ಲದ ಆ ನೆಲದಲ್ಲಿ ಕಪ್ಪು ಘೇಂಡಾಮೃಗವೂ ಮರುಭೂಮಿಯ ಸಿಂಹವೂ ಊರವರ ಮೇಕೆಗಳೂ ಒಟ್ಟಿಗೆ ಇವೆ.

ಬೇಲಿಯೊಳಗಿನ ಒಡೆತನ ಎಷ್ಟು ಕೆಡಬಹುದೆಂಬುದನ್ನೂ ದಕ್ಷಿಣ ಆಫ್ರಿಕಾವೇ ತೋರಿಸಿತು. ಕಪ್ಪು ಬಣ್ಣದ ಇಂಪಾಲಾ, ಚಿನ್ನದ ಬಣ್ಣದ ವಿಲ್ಡಬೀಸ್ಟ್ ತಳಿಗಳು ಹರಾಜಿನ ಸರಕಾದವು. 2016ರಲ್ಲಿ ಹೊರೈಜನ್ ಎಂಬ ಕಾಡೆಮ್ಮೆ ಹೋರಿಯ ಕಾಲು ಪಾಲು 4.4 ಕೋಟಿ ರ‍್ಯಾಂಡ್‌ಗೆ ಮಾರಾಟವಾಯಿತು. ದುಬಾರಿ ಹುಲ್ಲೆಗಳನ್ನು ತಿನ್ನುವ ಚೀತಾ, ಕಾಡುನಾಯಿಗಳು ಮಾಲೀಕರಿಗೆ ಶತ್ರುಗಳಾದವು. ತಲೆಮಾರುಗಳಿಂದ ಜಮೀನಿನಲ್ಲಿ ಬದುಕಿದ್ದ ಕೂಲಿಕಾರರು ಹಲವು ಕಡೆ ಜಾಗ ಖಾಲಿ ಮಾಡಬೇಕಾಯಿತು. ಎಲ್ಲಕ್ಕಿಂತ ಹೀನವಾದದ್ದು ಸಿಂಹ ಸಾಕಣೆ. ಬಂಧನದಲ್ಲಿ ಹುಟ್ಟಿದ ಸುಮಾರು 8 ಸಾವಿರ ಸಿಂಹಗಳು. ಮರಿಯಾಗಿದ್ದಾಗ ಪ್ರವಾಸಿಗರ ಮಡಿಲಿಗೆ, ಬೆಳೆದ ಮೇಲೆ ಬೇಲಿಯೊಳಗೆ ಗುಂಡಿಗೆ, ಸತ್ತ ಮೇಲೆ ಮೂಳೆ ಏಷ್ಯಾದ ಮಾರುಕಟ್ಟೆಗೆ. ಇದು ಬೇಟೆಯೇ ಅಲ್ಲವೆಂದು ಬೇಟೆಗಾರರೇ ಸಿಡಿದೆದ್ದರು. 2015ರಲ್ಲಿ ಇದರಿಂದ ದೂರ ಸರಿದಿದ್ದ ವೃತ್ತಿಪರ ಬೇಟೆಗಾರರ ಸಂಘ 2017ರಲ್ಲಿ ಮತ್ತೆ ಒಪ್ಪಿಕೊಂಡಾಗ ಸಂಘವೇ ಒಡೆಯಿತು. 2021ರಲ್ಲಿ ಸರ್ಕಾರ ತಜ್ಞರ ವರದಿಯನ್ನು ಒಪ್ಪಿ, ಈ ಸಾಕಣೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಬೋಟ್ಸ್‌ವಾನಾ 2014ರಲ್ಲಿ ಬೇಟೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಅದರ ಆದಾಯ ನಂಬಿದ್ದ ಒಕವಾಂಗೋ ಕಡೆಯ ಹಳ್ಳಿಗಳ ಕೆಲಸ ಹೋಯಿತು. 2019ರಲ್ಲಿ ನಿಷೇಧ ತೆಗೆಯಿತು. ಎರಡು ಸಲವೂ ನಿರ್ಧಾರ ಬಂದದ್ದು ರಾಜಧಾನಿಯಿಂದ, ಸುಮಾರು 1.3 ಲಕ್ಷ ಆನೆಗಳ ಮಧ್ಯೆ ಬೆಳೆ ಕಾಯುವವರಿಂದಲ್ಲ.

2023ರ ಏಪ್ರಿಲ್‌ನಲ್ಲಿ ಜಗತ್ತಿನ ಅತಿದೊಡ್ಡ ಘೇಂಡಾಮೃಗ ಜಮೀನು, ಜಾನ್ ಹ್ಯೂಮ್ ಅವರದು, ಹರಾಜಿಗೆ ಬಂತು. ಕಾವಲಿನ ಖರ್ಚು ಹೊರಲಾಗದೆ ಅವರು ಕೈಚೆಲ್ಲಿದ್ದರು. 2 ಸಾವಿರದಷ್ಟು ಘೇಂಡಾಮೃಗಗಳಿಗೆ ಒಬ್ಬರೂ ಬೆಲೆ ಕೂಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಅವನ್ನು ಕೊಂಡು, ಹತ್ತು ವರ್ಷಗಳಲ್ಲಿ ಎಲ್ಲವನ್ನೂ ಕಾಡಿಗೆ ಬಿಡುವ ಯೋಜನೆ ಹಾಕಿತು. 2024ರಲ್ಲಿ ಮೊದಲ 40 ಘೇಂಡಾಮೃಗಗಳು ಹೋದದ್ದು ಕ್ವಾಜುಲು-ನಟಾಲ್‌ನ ಮುನ್ಯವಾನಾ ಕನ್ಸರ್ವೆನ್ಸಿಗೆ. ಮಧ್ಯಪ್ರದೇಶದ ಕೂನೋಗೆ 2023ರಲ್ಲಿ ಬಂದ ಚೀತಾಗಳಲ್ಲಿ ಕೆಲವನ್ನು ಕೊಟ್ಟ ಫಿಂಡಾ ಮೀಸಲು ಕಾಡು ಅದರ ಭಾಗ. ಅಲ್ಲಿನ ನೆಲದ ಒಂದು ಪಾಲನ್ನು ಮಖಾಸಾ ಮತ್ತು ಮ್ನ್‌ಕೊಬೊಕಾಜಿ ಸಮುದಾಯಗಳು ಭೂಮಿ ಮರಳಿಸುವ ಕಾನೂನಿನಡಿ ಗೆದ್ದುಕೊಂಡು, ಅದನ್ನು ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಟ್ಟಿವೆ. ಒಬ್ಬ ಮಾಲೀಕನ ಜಮೀನಿನಲ್ಲಿ ಬೆಳೆದ ಆ ಪ್ರಾಣಿಗಳು ಈಗ ಮೇಯುವ ನೆಲದಲ್ಲಿ, ಹಿಂದೊಮ್ಮೆ ಅಲ್ಲಿಂದಲೇ ಹೊರದೂಡಲ್ಪಟ್ಟವರ ಮಕ್ಕಳು ಬಾಡಿಗೆ ಪಡೆಯುವ ಮಾಲೀಕರಾಗಿದ್ದಾರೆ.