ಮುಖ ನೋಡಲಿಲ್ಲ, ನಡಿಗೆ ನೋಡಿದೆ

ಗ್ಲಾಸ್ಗೋಗೆ ಬಂದು ಎರಡು ವರ್ಷ ಆಯ್ತು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ವೆಸ್ಟ್ ಪ್ರಿನ್ಸಸ್ ಸ್ಟ್ರೀಟ್. ದಿನಾ ಅದೇ ದಾರಿಯಲ್ಲಿ ಓಡಾಡಿದ್ರೂ ಅಲ್ಲೊಂದು ಪ್ರಸಿದ್ಧ ಕೊಲೆ ನಡೆದಿತ್ತು ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ.

1908ರ ಡಿಸೆಂಬರ್ 21, ಸಂಜೆ ಏಳು ಗಂಟೆ. ಮೇರಿಯನ್ ಗಿಲ್‌ಕ್ರಿಸ್ಟ್ ಅನ್ನೋ 82 ವರ್ಷದ ಸಿರಿವಂತ ಅಜ್ಜಿ. ಕೆಲಸದ ಹುಡುಗಿ ಹೆಲೆನ್ ಲ್ಯಾಂಬಿ ಪೇಪರ್ ತರೋಕೆ ಹೋಗಿ ಬರುವಷ್ಟರಲ್ಲಿ ಅಜ್ಜಿಯ ಕೊಲೆಯಾಗಿತ್ತು. ಸದ್ದು ಕೇಳಿ ಕೆಳಗಿನ ಮನೆಯ ಆಡಮ್ಸ್ ಮೇಲೆ ಬಂದಿದ್ದ. ಹೆಲೆನ್ ಬಾಗಿಲು ತೆಗೆದರೆ ಒಳಗಿನಿಂದ ಒಬ್ಬ ಗಂಡಸು ಬಂದು, ಇವರನ್ನು ದಾಟಿ ಮೆಟ್ಟಿಲಿಳಿದು ಹೋದ. ಆಡಮ್ಸ್‌ಗೆ ದೃಷ್ಟಿ ಮಂದ, ಕನ್ನಡಕ ಹಾಕಿರಲಿಲ್ಲ! ಓಡಿಬಂದವನೊಬ್ಬ ಬೀದಿಯಲ್ಲಿ ತನಗೆ ಡಿಕ್ಕಿ ಹೊಡೆದ ಅಂದವಳು 14ರ ಮೇರಿ ಬ್ಯಾರೋಮನ್.

ಅಜ್ಜಿಯ ವಜ್ರದ ಬ್ರೂಚ್ ಒಂದು ಕಾಣೆಯಾಗಿತ್ತು. ಆಸ್ಕರ್ ಸ್ಲೇಟರ್ ಅನ್ನೋ ಜರ್ಮನ್ ಯಹೂದಿ ಅಂಥದ್ದೇ ಬ್ರೂಚಿನ ಗಿರವಿ ಚೀಟಿ ಮಾರೋಕೆ ನೋಡ್ತಿದ್ದ ಅಂತ ಪೊಲೀಸರಿಗೆ ಸುದ್ದಿ ಬಂತು. ಆ ಬ್ರೂಚು ಬೇರೆಯದು, ಅದನ್ನು ಗಿರವಿ ಇಟ್ಟಿದ್ದು ಕೊಲೆಗೆ ಒಂದು ತಿಂಗಳ ಮುಂಚೆ. ಅಲ್ಲಿಗೇ ಕೇಸು ಮುಗೀಬೇಕಿತ್ತು. ಆದ್ರೆ ಅಷ್ಟರಲ್ಲಿ ಸ್ಲೇಟರ್ ನ್ಯೂಯಾರ್ಕ್ ಹಡಗು ಹತ್ತಿದ್ದ. ಮೂವರು ಸಾಕ್ಷಿಗಳನ್ನೂ ಹಿಂದೆಯೇ ಹಡಗಲ್ಲಿ ಕಳಿಸಿದರು. ಹುಡುಗಿಯರಿಬ್ಬರಿಗೂ ಒಂದೇ ಕ್ಯಾಬಿನ್. ಗುರುತು ಹಿಡಿಯೋ ಮುಂಚೆಯೇ ಅವನ ಫೋಟೋ ಬೇರೆ ತೋರಿಸಿದ್ದರು. ಎಕ್ಸಾಮಿಗೆ ಮೊದಲೇ ಉತ್ತರ ಪತ್ರಿಕೆ ಹಂಚಿದ ಹಾಗೆ ಅಲ್ವಾ?

ನ್ಯೂಯಾರ್ಕ್‌ನಲ್ಲಿ ಹೆಲೆನ್ ಹೇಳಿದ್ದು, ಮುಖ ನೋಡಿಲ್ಲ, ನಡಿಗೆಯಿಂದ ಗುರುತು ಹಿಡಿದೆ ಅಂತ. 1909ರ ಮೇ ತಿಂಗಳಲ್ಲಿ ಎಡಿನ್‌ಬರೋ ಕೋರ್ಟಿಗೆ ಬರುವ ಹೊತ್ತಿಗೆ ಅವಳಿಗೆ ಮುಖವೂ ನೆನಪಾಗಿತ್ತು! 15 ಜನ ಜ್ಯೂರಿಗಳಲ್ಲಿ 9 ಮಂದಿ ಅಪರಾಧಿ ಅಂದ್ರು, 5 ಮಂದಿ ಸಾಬೀತಾಗಿಲ್ಲ ಅಂದ್ರು, ಒಬ್ಬ ನಿರಪರಾಧಿ ಅಂದ. ಸ್ಕಾಟ್ಲೆಂಡಿನಲ್ಲಿ ಆಗ ಅಷ್ಟು ಬಹುಮತ ಸಾಕು. ಗಲ್ಲು ಶಿಕ್ಷೆ ಆಯ್ತು. ನೇಣಿಗೆ ಎರಡು ದಿನ ಇರುವಾಗ ಅದು ಜೀವಾವಧಿಯಾಯಿತು.

ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ 1912ರಲ್ಲೇ ಇವನ ಪರ ಪುಸ್ತಕ ಬರೆದರು. ಬಿಡುಗಡೆಯಾಗಿದ್ದು ಮಾತ್ರ 1927ರಲ್ಲಿ. ಹಳೇ ಕೇಸುಗಳಿಗೆ ಅಪೀಲು ಇಲ್ಲದ್ದರಿಂದ ಇವನಿಗೋಸ್ಕರ ವಿಶೇಷ ಕಾಯ್ದೆ ಮಾಡಿ, 1928ರ ಜುಲೈನಲ್ಲಿ ತೀರ್ಪು ರದ್ದು ಮಾಡಿದರು. ನನಗೆ ತಲೆ ಕೆಟ್ಟಿದ್ದು ಇಲ್ಲಿ. ರದ್ದಾಗಿದ್ದು ಸಾಕ್ಷಿ ಸುಳ್ಳು ಅಂತ ಅಲ್ಲ! ಇಂಥ ನಡತೆಗೆಟ್ಟವನಿಗೆ ಸಾಮಾನ್ಯರಷ್ಟು ನಿರಪರಾಧಿಯೆಂಬ ಭರವಸೆ ಸಿಗೋಲ್ಲ ಅನ್ನೋ ಅರ್ಥದಲ್ಲಿ ಜಡ್ಜ್ ಜ್ಯೂರಿಗೆ ಹೇಳಿದ್ದು ತಪ್ಪು ಅಂತ. ಆ ಸಾಕ್ಷ್ಯದ ಮೇಲೆ ಜ್ಯೂರಿ ಅಪರಾಧಿ ಅನ್ನಬಹುದಿತ್ತು ಅಂತಲೇ ಅಪೀಲು ಕೋರ್ಟು ಹೇಳಿತು. ಹದಿನೆಂಟೂವರೆ ವರ್ಷಕ್ಕೆ ಸಿಕ್ಕಿದ್ದು 6,000 ಪೌಂಡ್.

ಹೋದ ಚಳಿಗಾಲ ಪಕ್ಕದ ಮನೆಯ ಕಾರಿನ ಗಾಜು ಒಡೆದವನನ್ನು ನಾನು ಕಿಟಕಿಯಿಂದ ನೋಡಿದ್ದೆ. ಕೆಂಪು ಜಾಕೆಟ್, ಎತ್ತರದ ಆಳು ಅಂತ ಪೊಲೀಸರಿಗೆ ಭಾರೀ ಜೋರಾಗಿ ಹೇಳಿದ್ದೆ. ನಿನ್ನೆ ಊಟ ಮಾಡ್ತಾ ಹೆಂಡತಿ ಅಂದಳು, “ಕೆಂಪು ಎಲ್ಲಿತ್ತು ರೀ? ಕಂದು ಬಣ್ಣ. ಕೆಂಪು ಅಂತ ನಿಮಗೆ ಹೇಳಿದ್ದು ಕೆಳಗಿನ ಮನೆಯವರು.”