ಓಣಿಯವರ ಸೇವೆ: ಟ್ಯೂರಿನ್‌ನಿಂದ ಬೆಂಗಳೂರಿಗೆ

ಬೆಂಗಳೂರಿನ ದಕ್ಷಿಣದಲ್ಲಿ, ಬನ್ನೇರುಘಟ್ಟ ರಸ್ತೆಯ ಮೇಲಿರುವ ಹುಳಿಮಾವು ತನ್ನ ಕೆರೆಯಿಂದಲೂ ಗುಹಾದೇವಾಲಯದಿಂದಲೂ ಪರಿಚಿತವಾದ ಹಳೆಯ ಗ್ರಾಮ. ಕಳೆದ ಕೆಲವು ದಶಕಗಳಲ್ಲಿ ನಗರವು ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಬಹುಮಹಡಿ ಕಟ್ಟಡಗಳು ಏಳುವ ಕಡೆಯಲ್ಲೆಲ್ಲ ತಗಡಿನ ಶೆಡ್ಡುಗಳೂ ಏಳುತ್ತವೆ. ಉತ್ತರ ಕರ್ನಾಟಕದ ಒಣಭೂಮಿಯಿಂದ ಗುಳೆ ಬಂದ ಗಾರೆಕೆಲಸದವರ ಮಕ್ಕಳು ಆ ಶೆಡ್ಡುಗಳ ಮುಂದೆ, ಮರಳುರಾಶಿಯ ಮೇಲೆ ಆಡಿ ಬೆಳೆಯುತ್ತಾರೆ. ಇವರು ಬಡ ಮಕ್ಕಳು. ಇವರಿಗೆ ಶಾಲೆ ಬೇಕು, ಔಷಧ ಬೇಕು. ಆದರೂ ಸಂಜೆ ಕತ್ತಲಾದಾಗ ಇವರನ್ನು ಹೆಸರು ಹಿಡಿದು ಕರೆಯುವ ತಾಯಿಯೊಬ್ಬಳಿರುತ್ತಾಳೆ. ಇದೇ ರಸ್ತೆಯಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಕಾಣಸಿಗುವ ಮಕ್ಕಳು ಬೇರೆ ಬಗೆಯವರು. ಕತ್ತಲಾದ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕರೆಯುವವರಿದ್ದರೆ ಅವರಿಗೆ ಹೆದರಬೇಕು.

ಈ ಇಬ್ಬರನ್ನೂ 'ಬೀದಿಮಕ್ಕಳು' ಎಂಬ ಒಂದೇ ಮಾತಿನಲ್ಲಿ ಸೇರಿಸುವುದು ರೂಢಿ. ಸದುದ್ದೇಶದ ದಾನಿಗಳು ಮಾಡುವ ಮೊದಲ ತಪ್ಪೂ ಇದೇ. ಮನೆಯನ್ನು ತೊರೆದು ಬೀದಿಯನ್ನೇ ಮನೆ ಮಾಡಿಕೊಂಡ ಮಗುವಿನ ಅಗತ್ಯವೇನೆಂಬುದನ್ನು ಕ್ರೈಸ್ತ ಮಿಷನರಿಗಳಲ್ಲಿ ಒಂದು ಪಂಗಡದವರು ಕ್ರಮೇಣ ಕಂಡುಕೊಂಡ ಬಗೆ ಚರಿತ್ರೆಯ ಒಂದು ಆಸಕ್ತಿಕರ ಅಧ್ಯಾಯ. ಅದರ ಕೊನೆಯ ಪುಟಗಳು ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿವೆ.

ಕನ್ನಡನಾಡು ಮಿಷನರಿಗಳ ಅನಾಥಸೇವೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1876–78ರ ಭೀಕರ ಕ್ಷಾಮದಲ್ಲಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರವಿದ್ದರೆ 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ದಾರಿಬದಿಗಳಲ್ಲಿ, ಗಂಜಿಕೇಂದ್ರಗಳ ಬಾಗಿಲಲ್ಲಿ ಬಿದ್ದಿದ್ದರು. ಅವರಲ್ಲಿ ಅನೇಕರನ್ನು ಕ್ಯಾಥೊಲಿಕ್ ಹಾಗೂ ಪ್ರಾಟೆಸ್ಟೆಂಟ್ ಮಿಷನ್‌ಗಳು ಎತ್ತಿಕೊಂಡು ಹೋಗಿ ಸಾಕಿದವು. ಆ ಮಕ್ಕಳು ಬದುಕಿದರು, ಕಸುಬು ಕಲಿತರು. ಸಾಕಿದವರ ಮತದಲ್ಲಿಯೇ ಬೆಳೆದರು. ಮಿಷನರಿ ಅನಾಥಾಲಯವೆಂದರೆ ನಮ್ಮ ಸಮಾಜದಲ್ಲಿ ಇಂದಿಗೂ ಕೃತಜ್ಞತೆ ಮತ್ತು ಶಂಕೆ ಒಟ್ಟಿಗೆ ಏಳುವುದಕ್ಕೆ ಈ ನೆನಪೇ ಮೂಲ. ಎರಡೂ ನಿರಾಧಾರವಲ್ಲ. ಆದರೆ ಆ ಮಕ್ಕಳನ್ನು ಎತ್ತಿಕೊಂಡು ಹೋಗಲು ಬೇರೆ ಎಷ್ಟು ಕೈಗಳು ಮುಂದೆ ಬಂದಿದ್ದವು ಎಂಬ ಪ್ರಶ್ನೆಯನ್ನು ಶಂಕಿಸುವವರು ತಮಗೂ ಹಾಕಿಕೊಳ್ಳಬೇಕಾಗುತ್ತದೆ.

ಕ್ಷಾಮದ ಅನಾಥಾಲಯಕ್ಕೆ ಗೋಡೆಯಿತ್ತು, ಬಾಗಿಲಿತ್ತು. ಹಸಿದ ಮಗು ಒಳಗೆ ಬರುವುದೊಂದೇ ಉಪಾಯವಾಗಿತ್ತು. ನಗರದ ಬೀದಿಯ ಹುಡುಗನ ವಿಷಯ ಹಾಗಲ್ಲ. ಅವನು ದುಡಿಯುತ್ತಾನೆ, ತಿನ್ನುತ್ತಾನೆ, ಗೋಡೆ ಕಂಡರೆ ಓಡುತ್ತಾನೆ. ಇವನೊಡನೆ ವ್ಯವಹರಿಸುವ ಕ್ರಮವನ್ನು ಕಂಡುಹಿಡಿದ ಗೌರವ ಇಟಲಿಯ ಜಾನ್ ಬಾಸ್ಕೋ ಎಂಬ ಪಾದ್ರಿಗೆ ಸಲ್ಲುತ್ತದೆ. ಡಾನ್ ಬಾಸ್ಕೋ ಎಂಬ ಹೆಸರಿನ ಶಾಲೆಗಳನ್ನು ಬಲ್ಲವರು ಬಹಳ. ಆ ಹೆಸರಿನ ಮನುಷ್ಯನನ್ನು ಬಲ್ಲವರು ಕಡಿಮೆ.

ಅವನು ಹುಟ್ಟಿದ್ದು 1815ರಲ್ಲಿ, ಪೀಡ್‌ಮಾಂಟ್ ಪ್ರಾಂತದ ಒಂದು ರೈತಕುಟುಂಬದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ಊರ ಹುಡುಗರನ್ನು ಸೇರಿಸಲು ಬಾಲಕ ಬಾಸ್ಕೋ ದೊಂಬರಾಟದ ವಿದ್ಯೆಗಳನ್ನು ಕಲಿತು ಹಗ್ಗದ ಮೇಲೆ ನಡೆಯುತ್ತಿದ್ದನೆಂದು ತಿಳಿದುಬರುತ್ತದೆ. 1841ರಲ್ಲಿ ಪಾದ್ರಿಯಾಗಿ ಟ್ಯೂರಿನ್ ನಗರಕ್ಕೆ ಬಂದಾಗ ಅಲ್ಲಿ ಕಂಡದ್ದು ಹಳ್ಳಿಗಾಡಿನಿಂದ, ಬೆಟ್ಟಸೀಮೆಯಿಂದ ಕೆಲಸ ಹುಡುಕಿ ಬಂದ ಹುಡುಗರ ಗುಂಪುಗಳನ್ನು. ಗಾರೆ ಹೊರುವವರು, ಹೊಗೆಗೂಡು ಗುಡಿಸುವವರು, ಯಾವ ಕೆಲಸವೂ ಸಿಗದವರು. ನಗರದ ಸೆರೆಮನೆಗಳಿಗೆ ಹೋದಾಗಲೂ ಅದೇ ವಯಸ್ಸಿನ ಮುಖಗಳೇ ಕಂಡವು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರನ್ನು ಕಾಯುವವರು ಇರಲಿಲ್ಲ.

ಅದೇ ವರ್ಷದ ಡಿಸೆಂಬರ್ 8ರಂದು ನಡೆದ ಒಂದು ಸಣ್ಣ ಘಟನೆಯನ್ನು ಅವನ ಅನುಯಾಯಿಗಳು ತಮ್ಮ ಸೇವೆಯ ಆರಂಭವೆಂದು ಎಣಿಸುತ್ತಾರೆ. ಚರ್ಚಿನ ಒಳಕೋಣೆಗೆ ಚಳಿ ತಾಳಲಾರದೆ ನುಗ್ಗಿದ ಬಾರ್ತಲೊಮಿಯೊ ಗರೆಲ್ಲಿ ಎಂಬ ಹುಡುಗನನ್ನು ಅಲ್ಲಿನ ಸೇವಕನು ಹೊಡೆದು ಓಡಿಸಿದನು. ಬಾಸ್ಕೋ ಆ ಹುಡುಗನನ್ನು ಮರಳಿ ಕರೆಸಿದನು. ಅವನು ತನ್ನ ಸ್ನೇಹಿತನೆಂದು ಸೇವಕನಿಗೆ ಹೇಳಿದನು. ಓದು ಬರುವುದೇ ಎಂದು ಕೇಳಿದರೆ ಇಲ್ಲ, ಹಾಡು ಬರುವುದೇ ಎಂದರೆ ಇಲ್ಲ. ಶಿಳ್ಳೆ ಹಾಕಲು ಬರುವುದೇ ಎಂದು ಕೇಳಿದಾಗ ಹುಡುಗ ನಕ್ಕನಂತೆ. ಮುಂದಿನ ಭಾನುವಾರ ಅವನು ತನ್ನ ಜೊತೆಗಾರರನ್ನು ಕರೆತಂದನು.

ಹುಡುಗರ ಸಂಖ್ಯೆ ಬೆಳೆದಂತೆ ಗದ್ದಲವೂ ಬೆಳೆಯಿತು. ನೆರೆಹೊರೆಯವರು ದೂರಿದರು; ಇವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಟ್ಟಲಾಯಿತು. ನಗರದ ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥನಾಗಿದ್ದ ಮಾರ್ಕ್ವಿಸ್ ಕಾವೂರ್ ಈ ಗುಂಪಿನಿಂದ ದಂಗೆ ಹುಟ್ಟೀತೆಂದು ಸಂಶಯಪಟ್ಟನು. 1846ರ ಈಸ್ಟರ್ ಹಬ್ಬದಂದು ವಾಲ್ಡೊಕ್ಕೊ ಎಂಬಲ್ಲಿ ಪಿನಾರ್ಡಿ ಎಂಬವನ ಒಂದು ತಗ್ಗು ಕೊಟ್ಟಿಗೆ ದೊರಕಿತು. ಮಾಡು ಎಷ್ಟು ಕೆಳಗಿತ್ತೆಂದರೆ, ನೆಟ್ಟಗೆ ನಿಲ್ಲಲು ನೆಲವನ್ನೇ ಅಗೆದು ತಗ್ಗಿಸಬೇಕಾಯಿತು.

ಅದೇ ವರ್ಷ ಬಾಸ್ಕೋನ ತಾಯಿ ಮಾರ್ಗರಿಟಾ ಹಳ್ಳಿಯ ಮನೆಯನ್ನು ಬಿಟ್ಟು ಮಗನೊಡನೆ ನೆಲೆಸಿದಳು. ಬಾಸ್ಕೋ ಮೊದಲ ಬಾರಿ ಕೆಲವು ಹುಡುಗರನ್ನು ಅಟ್ಟದ ಹುಲ್ಲಿನ ಮೇಲೆ ಮಲಗಿಸಿ ಹೊದಿಕೆ ಕೊಟ್ಟನು; ಬೆಳಗಾಗುವುದರೊಳಗೆ ಹುಡುಗರೂ ಇಲ್ಲ, ಹೊದಿಕೆಯೂ ಇಲ್ಲ. ಎಷ್ಟೋ ಧರ್ಮಕಾರ್ಯಗಳು ಇಂತಹ ಒಂದು ಬೆಳಗಿನಲ್ಲಿಯೇ ಮುಗಿದುಹೋಗುತ್ತವೆ. ಇದು ಮುಗಿಯಲಿಲ್ಲ. 1847ರಲ್ಲಿ ಮಳೆಯಲ್ಲಿ ತೊಯ್ದು ಬಾಗಿಲಿಗೆ ಬಂದ ಇನ್ನೊಬ್ಬ ಅನಾಥ ಹುಡುಗನಿಗೆ ಮಾರ್ಗರಿಟಾ ಅಡುಗೆಮನೆಯಲ್ಲಿ ಇಟ್ಟಿಗೆಯ ಮೇಲೆ ಹಲಗೆಯಿಟ್ಟು ಹಾಸಿಗೆ ಮಾಡಿದಳು. ಮಲಗುವ ಮೊದಲು ನಾಲ್ಕು ಒಳ್ಳೆಯ ಮಾತು ಹೇಳಿದಳು. ಡಾನ್ ಬಾಸ್ಕೋ ಸಂಸ್ಥೆಗಳಲ್ಲಿ ರಾತ್ರಿ ಮಲಗುವ ಮುನ್ನ ಮಕ್ಕಳಿಗೆ ಎರಡು ಮಾತು ಹೇಳುವ ಪದ್ಧತಿ ಆ ಅಡುಗೆಮನೆಯಿಂದ ಬಂದುದು. ತಾಯಿ 1856ರಲ್ಲಿ ತೀರಿಕೊಳ್ಳುವವರೆಗೂ ಹುಡುಗರ ಬಟ್ಟೆ ಹೊಲಿದಳು.

ಈ ಮನುಷ್ಯನ ಯೋಗ್ಯತೆಯನ್ನು ತಿಳಿಯಲು ಅವನ ಉಪದೇಶಗಳಿಗಿಂತಲೂ ಅವನು ಬರೆಸಿದ ಕರಾರುಪತ್ರಗಳು ಹೆಚ್ಚು ಸಹಾಯಕ. ಕೆಲಸ ಕಲಿಯಲು ಹೋದ ಹುಡುಗರನ್ನು ಒಡೆಯರು ಹೊಡೆಯುವುದು, ಮನೆಗೆಲಸಕ್ಕೆ ಬಳಸುವುದು ಆ ಕಾಲದ ವಾಡಿಕೆ. 1850ರ ದಶಕದ ಆರಂಭದಲ್ಲಿ ಬಾಸ್ಕೋ ಒಡೆಯರಿಂದ ಲಿಖಿತ ಒಪ್ಪಂದ ಪಡೆಯತೊಡಗಿದನು. ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಯಿಂದಲ್ಲ. ಕಸುಬಿಗೆ ಸಂಬಂಧಿಸದ ಕೆಲಸ ಹೇರಬಾರದು. ಹಬ್ಬದ ದಿನಗಳಲ್ಲಿ ಬಿಡುವಿರಬೇಕು. ಬಳಿಕ ತನ್ನಲ್ಲಿಯೇ ಚಮ್ಮಾರಿಕೆ, ಹೊಲಿಗೆ, ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ ಮೊದಲಾದ ಕಾರ್ಯಾಗಾರಗಳನ್ನು ತೆರೆದನು. ತಪ್ಪು ನಡೆದ ಮೇಲೆ ದಂಡಿಸುವುದಕ್ಕಿಂತ ತಪ್ಪು ನಡೆಯದಂತೆ ಜೊತೆಯಲ್ಲಿರುವುದೇ ಶಿಕ್ಷಣವೆಂಬ ತನ್ನ ಕ್ರಮವನ್ನು 1877ರಲ್ಲಿ ಒಂದು ಪುಟ್ಟ ಪ್ರಬಂಧದಲ್ಲಿ ವಿವರಿಸಿದನು. ವಿವೇಕ, ಧರ್ಮ, ವಾತ್ಸಲ್ಯ, ಈ ಮೂರು ಅದರ ಕಂಬಗಳು.

1859ರಲ್ಲಿ ಸ್ಥಾಪಿತವಾದ ಅವನ ಸಂಘಕ್ಕೆ ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ನ ಹೆಸರಿನಿಂದ ಸಲೇಷಿಯನ್ ಎಂಬ ಹೆಸರು ಬಂದಿತು. 1875ರಲ್ಲಿ ಮೊದಲ ತಂಡ ಅರ್ಜೆಂಟೀನಕ್ಕೆ ಹಡಗು ಹತ್ತಿತು. ಬಾಸ್ಕೋ 1888ರಲ್ಲಿ ನಿಧನನಾದನು. ಭಾರತಕ್ಕೆ ಸಲೇಷಿಯನ್ನರು ಬಂದದ್ದು 1906ರಲ್ಲಿ, ತಂಜಾವೂರಿಗೆ. ಅಲ್ಲಿಯೂ ಅವರ ಕೈಗೆ ಬಂದದ್ದು ಒಂದು ಅನಾಥಾಲಯವೇ. 1922ರಲ್ಲಿ ಇನ್ನೊಂದು ತಂಡ ಶಿಲ್ಲಾಂಗಿಗೆ ಹೋಯಿತು. ಸ್ವಂತ ಆಸ್ತಿಯಿಲ್ಲ, ಸಂಸಾರವಿಲ್ಲ, ಹಿರಿಯರು ಹೇಳಿದ ಊರಿಗೆ ಹೋಗಬೇಕು. ಹುಟ್ಟಿದ ದೇಶವನ್ನು ಮತ್ತೆ ನೋಡುವ ಭರವಸೆಯಿಲ್ಲ. ಇದು ಆ ಕಾಲದ ಮಿಷನರಿ ಜೀವನದ ರೂಪರೇಖೆ. ಸ್ವಾತಂತ್ರ್ಯಾನಂತರ ವಿದೇಶೀಯರು ಕ್ರಮೇಣ ವಿರಳರಾದರು. ಸಂಘದ ಕೆಲಸ ಭಾರತದಲ್ಲಿಯೇ ಹುಟ್ಟಿದವರ ಕೈಗೆ ಬಂದಿತು. ಈ ಮಾತನ್ನು ಇಲ್ಲಿ ಹೇಳಬೇಕಾದ ಕಾರಣವಿದೆ. ಬೆಂಗಳೂರಿನ ಕೆಲಸವನ್ನು ಆರಂಭಿಸಿದವರು ಕೃಷ್ಣರಾಜಪುರದ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೈವಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳು.

1980ರಲ್ಲಿ ಆ ತರುಣರು ಬಿಡುವಿನ ವೇಳೆಯಲ್ಲಿ ನಗರದ ಬೀದಿಗಳಿಗೆ ಇಳಿದರು. ಕಟ್ಟಡವೊಂದನ್ನು ಕಟ್ಟಿ ಮಕ್ಕಳನ್ನು ಕರೆಯಲಿಲ್ಲ, ಮಕ್ಕಳಿರುವಲ್ಲಿಗೆ ಹೋದರು. ತಮ್ಮ ಕೂಟಕ್ಕೆ ಅವರು ಇಟ್ಟ ಹೆಸರು 'ಬೆಂಗಳೂರು ಓಣಿಯವರ ಸೇವಾ ಕೂಟ'. ಆಂಗ್ಲ ಅಕ್ಷರಗಳಲ್ಲಿ ಬರೆದು ಸಂಕ್ಷೇಪಿಸಿದರೆ ಅದು 'ಬಾಸ್ಕೋ' ಆಗುತ್ತದೆ. ಜಾಣತನದ ಹೆಸರು ನಿಜ. ಆದರೆ ಅದರಲ್ಲಿನ ಕನ್ನಡವೇ ಹೆಚ್ಚು ಗಮನಾರ್ಹ. ಅಲೆಮಾರಿ, ಪೋಕರಿ, ಚಿಂದಿ ಆಯುವ ಹುಡುಗ ಎಂದೆಲ್ಲ ಕರೆಸಿಕೊಳ್ಳುತ್ತಿದ್ದವರನ್ನು 'ಓಣಿಯವರು' ಎಂದು ಬಹುವಚನದ ಗೌರವದಿಂದ ಕರೆದ ಸಂಸ್ಥೆ ಅದಕ್ಕೆ ಮೊದಲು ಇದ್ದಂತಿಲ್ಲ.

ಆ ಹುಡುಗರ ದಿನಚರಿಯನ್ನು ತಿಳಿಯದೆ ಆ ಸೇವೆ ಅರ್ಥವಾಗದು. ನಸುಕಿನಲ್ಲಿ ಎದ್ದು ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಕಾಗದ, ಪ್ಲಾಸ್ಟಿಕ್, ಸೀಸೆ, ತುಂಡು ಕಬ್ಬಿಣಗಳನ್ನು ಆಯುತ್ತಾರೆ. ಗುಜರಿ ಅಂಗಡಿಯವನು ಅವುಗಳನ್ನು ತೂಗಿ ಕೊಟ್ಟಷ್ಟೇ ಬೆಲೆ. ಸಿಕ್ಕಿದ ಹಣದಲ್ಲಿ ತಿಂಡಿ, ಸಿನಿಮಾ. ಉಳಿತಾಯವೆಂಬುದಿಲ್ಲ, ಇದನ್ನು ದುಂದುಗಾರಿಕೆಯೆಂದು ಜರೆಯುವವರು ಅವರು ಮಲಗುವ ಜಾಗವನ್ನು ನೆನೆಯಬೇಕು. ಜೇಬಿನಲ್ಲಿ ಉಳಿದ ಹಣ ರಾತ್ರಿ ನಿದ್ರೆಯಲ್ಲಿ ದೊಡ್ಡ ಹುಡುಗರ ಪಾಲಾಗುತ್ತದೆ. ಎಲ್ಲಿಯಾದರೂ ಕಳವಾದರೆ ಮೊದಲ ಸಂಶಯ ಇವರ ಮೇಲೆ. ಹಸಿವನ್ನೂ ಹೆದರಿಕೆಯನ್ನೂ ಮರೆಯಲು ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುವವರಿದ್ದಾರೆ. ಇಷ್ಟಾದರೂ ಮನೆಗೆ ಏಕೆ ಹೋಗುವುದಿಲ್ಲವೆಂದರೆ, ಬಹುಮಟ್ಟಿಗೆ ಉತ್ತರ ಒಂದೇ: ಕುಡಿದ ತಂದೆಯ ಹೊಡೆತ, ಮಲತಾಯಿಯ ಅಥವಾ ಮಲತಂದೆಯ ಕಾಟ, ಶಾಲೆಯ ಬೆತ್ತ. ಬಡತನ ಹಿನ್ನೆಲೆಯಲ್ಲಿರುತ್ತದೆ, ಓಡಿಸುವುದು ಭಯ.

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ದಾನಚತುಷ್ಟಯವನ್ನು ಬಲ್ಲ ವಾಚಕರಿಗೆ ಇಲ್ಲಿ ಮೊದಲು ಬೇಕಾದುದು ಯಾವುದೆಂದು ವಿವರಿಸಬೇಕಾಗಿಲ್ಲ.

ಅಭಯ ಮೂಡಲು ಕಾಲ ಬೇಕು. ಬೀದಿಯ ಕಾರ್ಯಕರ್ತನು ಹಲವು ದಿನ ಸುಮ್ಮನೆ ಬಂದು ಕುಳಿತು ಮಾತಾಡಿ ಹೋಗಬೇಕು. ಹೆಸರು, ಊರು ಕೇಳಿದರೆ ಹುಡುಗ ಮೊದಲು ಸುಳ್ಳನ್ನೇ ಹೇಳುತ್ತಾನೆ. ಬಾಗಿಲಿಗೆ ಬೀಗವಿಲ್ಲದ ಆಶ್ರಯದಲ್ಲಿ ಸ್ನಾನ ಮಾಡಿ, ಗಾಯಕ್ಕೆ ಮದ್ದು ಹಚ್ಚಿಸಿಕೊಂಡು, ಕೇರಂ ಆಡಿ ಮತ್ತೆ ಬೀದಿಗೇ ಹೋಗುತ್ತಾನೆ. ಕೆಲವೊಮ್ಮೆ ಏನಾದರೂ ಎತ್ತಿಕೊಂಡೂ ಹೋಗುತ್ತಾನೆ. ಟ್ಯೂರಿನ್ನಿನ ಹೊದಿಕೆಯ ಕಥೆಯನ್ನು ಓದಿದವರು ಇದಕ್ಕೆ ಸಿದ್ಧರಿರುತ್ತಾರೆ. ಎಂದೋ ಒಂದು ದಿನ ಊರಿನ ನಿಜವಾದ ಹೆಸರು ಹೊರಬೀಳುತ್ತದೆ. ಗಾಂಧಿನಗರ, ಚಾಮರಾಜಪೇಟೆಗಳಲ್ಲಿ ನೆಲೆ ಮಾಡಿಕೊಂಡ ಬಾಸ್ಕೋ ಸಂಸ್ಥೆ ಈ ಕ್ರಮವನ್ನೇ ಹಿಡಿದು ರೈಲುನಿಲ್ದಾಣ, ಬಸ್‌ನಿಲ್ದಾಣಗಳಲ್ಲಿ ಮಕ್ಕಳನ್ನು ಎದುರುಗೊಳ್ಳುವ ಕೆಲಸಕ್ಕೆ ಕೈಹಾಕಿತು. ಹೊಸದಾಗಿ ಓಡಿಬಂದ ಮಗುವನ್ನು ಮೊದಲ ದಿನಗಳಲ್ಲೇ ಕಂಡುಹಿಡಿದರೆ ಮನೆಗೆ ಮರಳಿಸುವುದು ಸುಲಭ. ಬೀದಿಯ ಸ್ವಾತಂತ್ರ್ಯ ರುಚಿಸಿದ ಮೇಲೆ ವರ್ಷಗಳು ಬೇಕಾಗುತ್ತವೆ.

ಕಾನೂನೂ ಈ ದಾರಿಗೆ ನಿಧಾನವಾಗಿ ಬಂದಿತು. ರಾಜ್ಯದ 1964ರ ಮಕ್ಕಳ ಕಾಯಿದೆಯ ಕಾಲದಲ್ಲಿ ಅಲೆಯುವ ಹುಡುಗನೆಂದರೆ ಪೊಲೀಸರು ಹಿಡಿದು ರಿಮ್ಯಾಂಡ್ ಹೋಮಿಗೆ ಒಯ್ಯುವವನು. 1986ರಲ್ಲಿ ಇಡೀ ದೇಶಕ್ಕೆ ಬಾಲನ್ಯಾಯ ಕಾಯಿದೆ ಬಂದಿತು. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಅಂಗೀಕರಿಸಿತು. 2000ದ ಕಾಯಿದೆ ಮಕ್ಕಳ ಕಲ್ಯಾಣ ಸಮಿತಿಗಳನ್ನು ಸ್ಥಾಪಿಸಿತು. 2015ರ ಕಾಯಿದೆಯಂತೆ, ಪೋಷಣೆ ಹಾಗೂ ರಕ್ಷಣೆ ಬೇಕಾದ ಮಗುವನ್ನು ಯಾರೇ ಕಂಡು ಕರೆತಂದರೂ, ಪ್ರಯಾಣದ ವೇಳೆಯನ್ನು ಬಿಟ್ಟು, 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ಮಕ್ಕಳನ್ನಿರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಪಡೆಯಬೇಕು.

ಕ್ಷಾಮಕಾಲದಿಂದ ಬಂದ ಶಂಕೆಗೆ ಇದರಲ್ಲಿ ಒಂದು ಉತ್ತರವಿದೆ. 1877ರಲ್ಲಿ ಅನಾಥ ಮಗುವನ್ನು ಎತ್ತಿಕೊಂಡವನೇ ಅದರ ಪಾಲಕ, ಅವನ ಮತವೇ ಅದರ ಮತ. ಇಂದು ಮಗು ಯಾವ ಸಂಸ್ಥೆಯ ಸ್ವತ್ತೂ ಅಲ್ಲ; ಅದನ್ನು ಎಲ್ಲಿರಿಸಬೇಕು, ಯಾರಿಗೆ ಒಪ್ಪಿಸಬೇಕು ಎಂಬುದನ್ನು ಸಮಿತಿ ನಿರ್ಧರಿಸುತ್ತದೆ. ಬಾಸ್ಕೋನ ಮೂರು ಕಂಬಗಳಲ್ಲಿ ಧರ್ಮವೂ ಒಂದಾಗಿರುವಾಗ ಪ್ರಶ್ನೆ ಪೂರ್ತಿ ಅಳಿಯುವುದಿಲ್ಲ, ಅಳಿಯಬೇಕಾಗಿಯೂ ಇಲ್ಲ. ಕಾಯಿದೆಯ ತಪಾಸಣೆ ಕ್ರೈಸ್ತ ಸಂಸ್ಥೆಗೆಷ್ಟೋ ಮಠದ, ಬಸದಿಯ, ಟ್ರಸ್ಟಿನ ವಸತಿಗೃಹಕ್ಕೂ ಅಷ್ಟೇ ಅನ್ವಯಿಸುತ್ತದೆ. ಆದರೆ ನೋಂದಣಿಯ ಫಲಕವನ್ನು ತೂಗುಹಾಕುವುದು ಸುಲಭ. ರಾತ್ರಿ ಹನ್ನೊಂದರ ಹೊತ್ತಿಗೆ ಪ್ಲಾಟ್‌ಫಾರಂನಲ್ಲಿ ನಿಲ್ಲುವ ಮನುಷ್ಯನನ್ನು ಸಿದ್ಧಪಡಿಸುವುದು ಕಷ್ಟ. ಸಲೇಷಿಯನ್ನರ ಶಕ್ತಿಯಿರುವುದು ಅವರ ಕಟ್ಟಡಗಳಲ್ಲಲ್ಲ, ಈ ಎರಡನೆಯದರಲ್ಲಿ.

ಸಂಕಟದಲ್ಲಿರುವ ಮಕ್ಕಳಿಗಾಗಿ 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಸಂಖ್ಯೆಯ ದೂರವಾಣಿ ಸೇವೆ ಮುಂದೆ ದೇಶದ ಬಹುಭಾಗಕ್ಕೆ ಹರಡಿತು. ಬೆಂಗಳೂರಿನಲ್ಲಿ ಆ ಕರೆಗಳಿಗೆ ಓಡುತ್ತಿದ್ದ ಸಂಸ್ಥೆಗಳಲ್ಲಿ ಬಾಸ್ಕೋ ಒಂದು. 2023ರಿಂದ ಆ ಸೇವೆಯ ಆಡಳಿತವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡು 112ರ ತುರ್ತುವ್ಯವಸ್ಥೆಯೊಡನೆ ಜೋಡಿಸಿದೆ. ಸಂಖ್ಯೆ ಹಳೆಯದೇ ಉಳಿದಿದೆ. ಹುಳಿಮಾವಿನ ಶೆಡ್ಡಿನಿಂದ ಸಿಟ್ಟು ಮಾಡಿಕೊಂಡು ಬಸ್ಸು ಹತ್ತಿ ಹೋದ ಹುಡುಗನೂ, ಯಾದಗಿರಿಯಲ್ಲಿ ಟಿಕೆಟ್ಟಿಲ್ಲದೆ ರೈಲು ಹತ್ತಿದವನೂ ಕೊನೆಗೆ ಇಳಿಯುವ ಸ್ಥಳ ಮೆಜೆಸ್ಟಿಕ್ಕಿನ ಆ ಅರ್ಧ ಮೈಲಿಯೇ. ಇಳಿದವನು ಕೆಲಹೊತ್ತು ಏನೂ ತೋಚದೆ ನಿಲ್ಲುತ್ತಾನೆ. ಕೆಲಸ ಕೊಡಿಸುತ್ತೇನೆ ಎನ್ನುವವನು ಸಾಮಾನ್ಯವಾಗಿ ಆಗಲೇ ಬಂದು ಮಾತಾಡಿಸುತ್ತಾನೆ. ಬೀದಿಯ ಕಾರ್ಯಕರ್ತನು ಅವನಿಗಿಂತ ಒಂದು ನಿಮಿಷ ಮೊದಲು ಅಲ್ಲಿ ತಲುಪಿರಬೇಕು.